ಗಳಿಗೆ ನೋಡಿ ಏಳುವ ರಾಕೆಟ್

ಯಶವಂತಪುರ ದಾಟಿ ಪೀಣ್ಯಕ್ಕೆ ಬಂದರೆ ಉಪಗ್ರಹಗಳ ಮೇಲೆ ಕಣ್ಣಿಡುವ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರವಿದೆ. 2025ರ ಜನವರಿ 16ರಂದು ಇಸ್ರೋದ ಜೋಡಣೆ ಪ್ರಯೋಗ ಸ್ಪೇಡೆಕ್ಸ್‌ನ ತಲಾ 220 ಕಿಲೋ ತೂಕದ ಎರಡು ಉಪಗ್ರಹಗಳು ಬಾಹ್ಯಾಕಾಶದಲ್ಲಿ ಕೂಡಿಕೊಂಡಿದ್ದು ಬೆಂಗಳೂರಿನ ಕಣ್ಗಾವಲಿನಲ್ಲೇ. 225 ಮೀಟರ್, 15 ಮೀಟರ್, 3 ಮೀಟರ್ ಎಂದು ತಡೆತಡೆದು ಹತ್ತಿರವಾದ ಆ ಸಂಯಮವೇ ಚೆಂದ.

ಆ ಜೋಡಿ ಒಂದೇ ರಾಕೆಟ್ಟಿನಲ್ಲಿ ಹೋಗಿತ್ತು. ಆಗಲೇ ಸುತ್ತುತ್ತಿರುವ ನೌಕೆಯನ್ನು ನೆಲದಿಂದ ಹೋಗಿ ಹಿಡಿಯುವುದು ಇನ್ನೂ ನಾಜೂಕು. ಕಕ್ಷೆಯ ಸಮತಲ ಹೆಚ್ಚುಕಡಿಮೆ ಸ್ಥಿರ. ಅದರೊಳಗೆ ಭೂಮಿ 4 ನಿಮಿಷಕ್ಕೆ 1 ಡಿಗ್ರಿ ತಿರುಗುತ್ತದೆ. ಉಡಾವಣಾ ಕಟ್ಟೆ ಆ ಸಮತಲಕ್ಕೆ ಬಂದ ಗಳಿಗೆಗೇ ರಾಕೆಟ್ ಏಳಬೇಕು. ಭೂಮಿಗೆ ಸಮೀಪದ ಕಕ್ಷೆಯಲ್ಲಿ 1 ಡಿಗ್ರಿ ಓರೆ ತಿದ್ದಲು ಸೆಕೆಂಡಿಗೆ ಸುಮಾರು 130 ಮೀಟರಿನಷ್ಟು ವೇಗ ಬದಲಿಸಬೇಕು. ಅಷ್ಟೂ ಇಂಧನದ ಖರ್ಚು.

‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಆಟ ಇದನ್ನು ಕೈಗೇ ಕಲಿಸುತ್ತದೆ. ನಕ್ಷೆಯಲ್ಲಿ ಗುರಿಯ ಕಕ್ಷೆ ಗೆರೆಯಾಗಿ ಕಾಣುತ್ತದೆ. ಕಾಲವನ್ನು ವೇಗವಾಗಿ ಓಡಿಸಿ, ಕಟ್ಟೆ ಆ ಗೆರೆಯಡಿ ಬರುವ ಹೊತ್ತಿಗೆ ಎಂಜಿನ್ ಹೊತ್ತಿಸಬೇಕು. ಆಮೇಲೆ ಗುರಿಗಿಂತ ತುಸು ಕೆಳಗಿನ ಕಕ್ಷೆಯಲ್ಲಿ ಉಳಿಯಬೇಕು. ಕೆಳಗಿದ್ದವರು ಬೇಗ ಸುತ್ತು ಮುಗಿಸುತ್ತಾರೆ, ಅಂತರ ತಾನಾಗಿ ಕರಗುತ್ತದೆ.

ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರಿದ್ದ ನೌಕೆ 2025ರ ಜೂನ್ 25ರಂದು ನಮ್ಮ ಮಧ್ಯಾಹ್ನ 12.01ಕ್ಕೆ ಫ್ಲಾರಿಡಾದಿಂದ ಹೊರಟಿದ್ದೂ ಇದೇ ಲೆಕ್ಕದಲ್ಲಿ. ಸುಮಾರು 28 ಗಂಟೆ ಬೆನ್ನಟ್ಟಿ, ಮರುದಿನ ಸಂಜೆ 4ರ ಹೊತ್ತಿಗೆ ಅದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಸೇರಿತು.