ಮಲ್ಲಿಗೆ ಮತ್ತು ಅಂಗಿ

ಶಿರ್ವದ ಸುತ್ತಮುತ್ತ ಬೆಳಗು ಎಂದರೆ ಮಲ್ಲಿಗೆ. ಶಂಕರಪುರದ ಹೆಸರಿನಲ್ಲಿ ಪೇಟೆಗೆ ಹೋಗುವ ಈ ಹೂವನ್ನು ಬಿಸಿಲು ಏರುವ ಮೊದಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯೆಂದು ಲೆಕ್ಕ ಹಾಕಿ ಕಳುಹಿಸುವವರು ಹೆಚ್ಚಾಗಿ ಹೆಂಗಸರು. ಹೀಗೆ ಹೂ ಕಟ್ಟುತ್ತ ಕುಳಿತಿದ್ದ ಒಂದು ಬೆಳಿಗ್ಗೆ ನನ್ನ ತಂಗಿಯ ಮಗಳು ತಲೆ ಎತ್ತದೆಯೇ ಕೇಳಿದಳು: “ದೊಡ್ಡಮ್ಮ, ನಾನು ಕೂದಲು ಕತ್ತರಿಸಿ, ಅಂಗಿ ಪ್ಯಾಂಟು ಹಾಕಿಕೊಂಡು ಬಂದಿದ್ದರೆ ನೀವು ನನ್ನ ಮಾತನ್ನು ಬೇಗ ನಂಬುತ್ತಿದ್ದಿರಾ?”

ಹಿಂದಿನ ರಾತ್ರಿ ಅವಳು ತಾನೊಬ್ಬ ಹೆಣ್ಣನ್ನು ಪ್ರೀತಿಸುತ್ತಿರುವುದಾಗಿ ನನಗೆ ಹೇಳಿದ್ದಳು. ನನ್ನ ಬಾಯಿಂದ ಬಂದ ಮೊದಲ ಮಾತು, “ಮುಡಿ ತುಂಬ ಹೂ ಮುಡಿಯುವ ನೀನಾ?” ಎಂಬುದು. ಆ ಮಾತಿಗಾಗಿ ಪಟ್ಟ ನಾಚಿಕೆಯೇ ಈ ಬರಹಕ್ಕೆ ಕಾರಣ. ಹೆಣ್ಣನ್ನು ಪ್ರೀತಿಸುವ ಹೆಣ್ಣು ಗಂಡಿನಂತೆ ಉಡಬೇಕು ಎಂಬ ಚಿತ್ರ ನನ್ನ ತಲೆಯೊಳಗೆ ಎಲ್ಲಿಂದ ಬಂತು?

ನಮ್ಮದು ವೇಷವನ್ನು ಬಲ್ಲ ನಾಡು. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷವನ್ನು ಕೊಂಡಾಡಿದ ಪ್ರೇಕ್ಷಕರು ನಾವು. ಹೆಂಗಸರೇ ಕಟ್ಟಿಕೊಂಡ ಯಕ್ಷಗಾನ ತಂಡಗಳಲ್ಲಿ ಹುಡುಗಿಯರು ಕಿರೀಟ ಕಟ್ಟಿ ರಾಜವೇಷ ಮಾಡಿದರೆ ಚಪ್ಪಾಳೆ ತಟ್ಟುತ್ತೇವೆ. ಆದರೆ ಬಣ್ಣ ತೊಳೆದ ಮೇಲೆ ನಮ್ಮ ಉದಾರತೆಯೂ ತೊಳೆದುಹೋಗುತ್ತದೆ. ಪ್ರಸಂಗಗಳೂ ಹಾಗೆಯೇ. ಸ್ತ್ರೀರಾಜ್ಯದ ಪ್ರಮೀಳೆ ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿ ಅರ್ಜುನನಿಗೇ ಎದುರು ನಿಲ್ಲುತ್ತಾಳೆ. ಕೊನೆಗೆ ಅವನನ್ನೇ ವರಿಸುತ್ತಾಳೆ. ಗಂಡುಮಗನಂತೆ ಬೆಳೆದ ಮೀನಾಕ್ಷಿ ದಿಗ್ವಿಜಯಕ್ಕೆ ಹೊರಟವಳು, ಶಿವನನ್ನು ಕಂಡೊಡನೆ ಮೂರನೆಯ ಮೊಲೆ ಮಾಯವಾಗಿ ನಾಚಿ ನಿಲ್ಲುತ್ತಾಳೆ. ಗಂಡುಡುಗೆಯ ಹೆಣ್ಣು ಬೆಳಗಿನ ಜಾವದೊಳಗೆ ಮದುಮಗಳಾಗಲೇಬೇಕು. ಇಲ್ಲದಿದ್ದರೆ ಮಂಗಳ ಹಾಡುವಂತಿಲ್ಲ.

ಇನ್ನು ಸಿನಿಮಾ. ದೀಪಾ ಮೆಹ್ತಾ ಅವರ ‘ಫೈರ್’ ತಯಾರಾದದ್ದು 1996ರಲ್ಲಿ. ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದದ್ದು 1998ರ ನವೆಂಬರಿನಲ್ಲಿ. ಮರುತಿಂಗಳೇ ಮುಂಬಯಿ, ದೆಹಲಿಗಳಲ್ಲಿ ಚಿತ್ರಮಂದಿರಗಳ ಮೇಲೆ ದಾಳಿಯಾಯಿತು. ಗದ್ದಲದಲ್ಲಿ ಯಾರೂ ಆ ಚಿತ್ರದ ಉಡುಪಿನ ಕಡೆ ಹೆಚ್ಚು ಗಮನ ಕೊಟ್ಟಂತಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಸೀತಾ ಕೋಣೆಯಲ್ಲಿ ಒಬ್ಬಳೇ ಇರುವಾಗ ಗಂಡನ ಪ್ಯಾಂಟು ತೊಟ್ಟು ಕುಣಿಯುತ್ತಾಳೆ. ಆಗಿನ್ನೂ ಓರಗಿತ್ತಿ ರಾಧಾಳ ಮೇಲೆ ಅವಳಿಗೆ ಪ್ರೀತಿ ಮೂಡಿಲ್ಲ. ಪ್ಯಾಂಟು ಇಲ್ಲಿ ಪ್ರೇಮದ ಗುರುತಲ್ಲ, ಉಸಿರಾಡುವ ಸ್ಥಳ. ಇದು ನಿರ್ದೇಶಕಿಯ ಸೂಕ್ಷ್ಮ. ಆದರೆ ಮುಂದೆ ಇಬ್ಬರೂ ಸೇರಿ ಹಳೆಯ ಹಾಡಿಗೆ ಕುಣಿಯುವಾಗ ಸೀತಾ ಗಂಡಾಗಿ, ರಾಧಾ ಹೆಣ್ಣಾಗಿ ವೇಷ ಕಟ್ಟುತ್ತಾರೆ. ಮನೆಯೊಳಗಿನ ತಮಾಷೆಯಾಗಿ ಅದು ಚೆಂದ. ಆದರೂ ಗಂಡುಡುಗೆ ಕದ ಹಾಕಿದ ಕೋಣೆಯ ಆಟದಾಚೆಗೆ ಹೋಗುವುದಿಲ್ಲ. ಕೊನೆಗೆ ಬೆಂಕಿ ಹತ್ತುವುದು ರಾಧಾಳ ಸೀರೆಗೆ. ಸೀರೆಯುಟ್ಟವಳೂ ಸುರಕ್ಷಿತಳಲ್ಲ ಎಂಬ ಆ ಮಾತು ನನಗೆ ಅರ್ಥವಾಗಲು ಇಪ್ಪತ್ತು ವರ್ಷಗಳೇ ಬೇಕಾದವು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರ ಸಮ್ಮತಿಯ ಸಂಬಂಧವನ್ನು 377ನೇ ಕಲಮಿನ ಅಪರಾಧದಿಂದ ಹೊರಗಿಟ್ಟಿತು. ಮರುವರ್ಷ ಬಂದ ‘ಏಕ್ ಲಡ್ಕೀ ಕೋ ದೇಖಾ ತೋ ಐಸಾ ಲಗಾ’ ಚಿತ್ರದ ಸ್ವೀಟಿ ಮತ್ತು ಕುಹು ಇಬ್ಬರೂ ಉದ್ದಗೂದಲಿನ, ಬಣ್ಣಬಣ್ಣದ ಉಡುಪಿನ ಚೆಲುವೆಯರು. ಹೂ ಮುಡಿಯುವವಳೂ ಹೆಣ್ಣನ್ನು ಪ್ರೀತಿಸಬಲ್ಲಳೆಂದು ದೊಡ್ಡ ಪರದೆಯ ಮೇಲೆ ಹೇಳಿದ್ದು ಸಣ್ಣ ಸಂಗತಿಯಲ್ಲ. ಆದರೆ ಈ ಚೆಲುವಿಗೆ ಇನ್ನೊಂದು ಕೆಲಸವೂ ಇದೆ: “ನೋಡಿ, ಇವರೂ ನಿಮ್ಮ ಮನೆಯ ಮಗಳಂತೆಯೇ” ಎಂದು ಪ್ರೇಕ್ಷಕನ ಮೈದಡವುವುದು. ಹಾಗಾದರೆ ಗಿಡ್ಡ ಕೂದಲಿನ, ಅಂಗಿ ತೊಡುವವಳು ಯಾರ ಮನೆಯ ಮಗಳು? ಒಂದು ಚಿತ್ರದಲ್ಲಿ ಆಟವಾಗಿದ್ದ ಗಂಡುಡುಗೆ ಇನ್ನೊಂದರಲ್ಲಿ ಹೊರಗೇ ಉಳಿಯಿತು. ದಿನವೂ ಹಾಗೆಯೇ ಉಟ್ಟು ಬಸ್ಸು ಹತ್ತುವ ಹೆಣ್ಣು ಎರಡರಲ್ಲೂ ಇಲ್ಲ.

ಅವಳನ್ನು “ಗಂಡಿನ ನಕಲು” ಎನ್ನುವವರಿದ್ದಾರೆ. ಪಶ್ಚಿಮದ ಸ್ತ್ರೀವಾದಿಗಳಲ್ಲೂ 1970ರ ದಶಕದಲ್ಲಿ ಇದೇ ಆಕ್ಷೇಪವಿತ್ತು: ಒಬ್ಬಳು ಗಂಡಿನಂತೆ, ಒಬ್ಬಳು ಹೆಣ್ಣಿನಂತೆ ಇದ್ದರೆ ಅದು ಹಳೆಯ ಸಂಸಾರದ ಪಡಿಯಚ್ಚಲ್ಲವೇ ಎಂದು. ಜೋನ್ ನೆಸ್ಲೆ 1992ರಲ್ಲಿ ಸಂಪಾದಿಸಿದ ‘ದ ಪರ್ಸಿಸ್ಟೆಂಟ್ ಡಿಸೈರ್’ ಸಂಕಲನ ಅಂಥ ಹೆಂಗಸರ ಬಾಯಿಂದಲೇ ಬೇರೆ ಮಾತು ಕೇಳಿಸಿತು. ಇದು ನಕಲಲ್ಲ, ನಾವು ಪರಸ್ಪರ ಗುರುತಿಸಿಕೊಳ್ಳುವ, ಬಯಸುವ ನಮ್ಮದೇ ರೀತಿ ಎಂದು.

ಇದಕ್ಕೆ ಅಷ್ಟು ದೂರ ಹೋಗಬೇಕೆಂದೂ ಇಲ್ಲ. ನಮ್ಮ ಗದ್ದೆಗಳಲ್ಲಿ ನೇಜಿ ನೆಡುವ ಹೆಂಗಸರು ಸೀರೆಯ ಮೇಲೆ ಗಂಡನದೋ ಮಗನದೋ ತುಂಬುತೋಳಿನ ಅಂಗಿ ತೊಟ್ಟಿರುತ್ತಾರೆ. ಅವರನ್ನು ಯಾರೂ ಗಂಡುಬೀರಿ ಎನ್ನುವುದಿಲ್ಲ. ದುಡಿಮೆಗಾಗಿ ತೊಟ್ಟರೆ ಅಂಗಿಗೆ ಲಿಂಗವಿಲ್ಲ. ತನಗೆ ಇಷ್ಟವೆಂದು ತೊಟ್ಟರೆ ಮಾತ್ರ ಇದೆ. ಅಂದಮೇಲೆ ನಮಗೆ ಅಡ್ಡಿಯಾದದ್ದು ಅಂಗಿಯಲ್ಲ, ಹೆಣ್ಣಿನ ಇಷ್ಟ.

ಅಂಗಿ ತೊಟ್ಟವರಲ್ಲಿ ಕೆಲವರು ತಾವು ಹೆಣ್ಣೇ ಅಲ್ಲ, ಗಂಡು ಎನ್ನುತ್ತಾರೆ. ಅದು ಬೇರೆಯೇ ಬದುಕು, ಅವರ ಮಾತನ್ನೇ ನಾವು ಒಪ್ಪಬೇಕು. ಇನ್ನು ಕೆಲವರು ಹೆಣ್ಣಾಗಿಯೇ ಅಂಗಿ ತೊಡುತ್ತಾರೆ. ಹೊರಗೆ ನಿಂತು ಬಟ್ಟೆ ನೋಡಿ ಇದನ್ನು ತೀರ್ಮಾನಿಸಲು ಬಾರದು. ಕನ್ನಡದ ‘ಸಲಿಂಗಕಾಮಿ’ ಎಂಬ ಶಬ್ದವಂತೂ ಇಡೀ ಬದುಕನ್ನು ಕಾಮಕ್ಕೆ ಇಳಿಸಿಬಿಟ್ಟಿದೆ. ಅದರೊಳಗೆ ಕೂದಲು ಬಾಚುವ ರೀತಿಗೆ, ಕನ್ನಡಿಯ ಮುಂದೆ ನಿಲ್ಲುವ ಗಳಿಗೆಗೆ ಜಾಗವೇ ಇಲ್ಲ.

2023ರ ಅಕ್ಟೋಬರ್ 17ರಂದು ಅದೇ ಕೋರ್ಟು ಇಂಥವರ ಮದುವೆಗೆ ಕಾನೂನಿನ ಮನ್ನಣೆ ಕೊಡಲು ಒಪ್ಪಲಿಲ್ಲ. ಅದು ದೆಹಲಿಯ ಮಾತು. ಹೂ ಕಟ್ಟುವ ಜಗಲಿಯಲ್ಲಿ ತೀರ್ಪು ಕೊಡಬೇಕಾದವಳು ನಾನು. ಆ ಬೆಳಿಗ್ಗೆ ನಾನು ಉತ್ತರ ಹೇಳದೆ ನಾರು ಸೀಳುತ್ತ ಕುಳಿತಿದ್ದೆ. ಈಗ ಹೇಳುತ್ತೇನೆ: ಹೌದು ಮಗಳೇ, ಬೇಗ ನಂಬುತ್ತಿದ್ದೆ. ನಂಬಿ, ನಿನ್ನ ಅಂಗಿಯನ್ನು ಬಿಡಿಸಲು ನೋಡುತ್ತಿದ್ದೆ. ಹೂ ಮುಡಿದವಳನ್ನು ನಂಬದಿದ್ದದ್ದೂ, ಅಂಗಿ ತೊಟ್ಟವಳನ್ನು ತಿದ್ದಹೊರಡುತ್ತಿದ್ದದ್ದೂ ನನ್ನ ಒಂದೇ ತಪ್ಪು.