ಅರಮನೆಯ ಶಾಪ, ಚಿಮಣಿಯ ಮೇಲಿನ ಹಿರಿಯರು

ಚೆನ್ನೈ ಬಳಿಯ ಎಣ್ಣೂರಿನ ಅಳಿವೆಯ ಆಚೆ ದಡದಲ್ಲಿ ವಿದ್ಯುತ್ ಸ್ಥಾವರದ ಚಿಮಣಿಗಳಿವೆ. ಅವುಗಳನ್ನು ನೋಡುತ್ತಾ ಕೊರಿಯಾದ ಹ್ವಾಂಗ್ ಸೊಕ್-ಯೊಂಗ್ ಅವರ ‘ಮೇಟರ್ 2-10’ ಓದಿದ್ದು ನನ್ನ ಪುಣ್ಯ. 2020ರಲ್ಲಿ ಬಂದ ಈ ಕಾದಂಬರಿಯ ಜಿನೋ, ಕೆಲಸ ಕಳೆದುಕೊಂಡ ಕಾರ್ಮಿಕ. ಕಾರ್ಖಾನೆಯ ಚಿಮಣಿ ಏರಿ ಧರಣಿ ಕೂರುತ್ತಾನೆ. ನೀರಿನ ಖಾಲಿ ಬಾಟಲಿಗಳ ಮೇಲೆ ಸತ್ತವರ ಹೆಸರು ಬರೆದು ಅವರೊಡನೆ ಮಾತಾಡುತ್ತಾನೆ, ಅವರು ಬರುತ್ತಾರೆ ಕೂಡ. 1910ರಿಂದ 1945ರವರೆಗಿನ ಜಪಾನೀಯರ ಆಳ್ವಿಕೆಯಲ್ಲಿ ರೈಲಿನ ಕೆಲಸಕ್ಕೆ ಬೆವರು ಸುರಿಸಿದ ಹಿರಿಯರ ಕಥೆ ಹೀಗೆ ಚಿಮಣಿಯ ನೆತ್ತಿಯ ಮೇಲೆ ಬಿಚ್ಚಿಕೊಳ್ಳುತ್ತದೆ.

ಪುಸ್ತಕ ಮಡಚಿದಾಗ ನನಗೆ ನಮ್ಮವೇ ಕಾದಂಬರಿಗಳು ನೆನಪಾದವು. ಪರಕೀಯ ಆಳ್ವಿಕೆಯಲ್ಲಿ ನಲುಗಿದ ಮನೆತನದ ಕಥೆಯನ್ನು ದೈವ, ಶಾಪ, ಕನಸುಗಳ ಜೊತೆಗೇ ಹೇಳುವ ಒಂದು ಪರಂಪರೆ ಕನ್ನಡದಲ್ಲಿ ಗಟ್ಟಿಯಾಗಿದೆ. ಅದರ ಮೇಲೆ ಕೊಲಂಬಿಯಾದ ಕಾದಂಬರಿಕಾರ ಮಾರ್ಕ್ವೆಜ್‌ನ ನೆರಳು ಹುಡುಕುವುದು ವಿಮರ್ಶೆಯ ರೂಢಿ. ಆತನಿಗೆ ನೊಬೆಲ್ ಬಂದದ್ದು 1982ರಲ್ಲಿ. ಅಷ್ಟು ಹೊತ್ತಿಗೆ ಚಂದ್ರಶೇಖರ ಕಂಬಾರರ ‘ಕರಿಮಾಯಿ’ ಬಂದು ಏಳು ವರ್ಷವಾಗಿತ್ತು. ತಮ್ಮ ಊರು ಘೋಡಗೇರಿಯ ಬಯಲಾಟ, ಲಾವಣಿ, ದೇವಿಯ ಪುರಾಣ ಕೇಳುತ್ತ ಬೆಳೆದವರಿಗೆ ಕೊಲಂಬಿಯಾದಿಂದ ಸಾಲ ತರುವ ಅಗತ್ಯ ಇರಲಿಲ್ಲ.

ನಮ್ಮ ಕಾದಂಬರಿಗಳಲ್ಲಿ ಮಾಯೆ ಎಲ್ಲೆಂದರಲ್ಲಿ ಸುಳಿಯುವುದಿಲ್ಲ. ‘ಮನೆಗೆ ಮಗು ಯಾವುದು, ಯಾರದು’ ಎಂಬ ಪ್ರಶ್ನೆ ಎದ್ದ ಕಡೆಗೇ ಅದು ಬಂದು ನಿಲ್ಲುತ್ತದೆ. ಇದಕ್ಕೆ ಕಾರಣ ಕಲ್ಪನೆಯಲ್ಲಿಲ್ಲ, ಕಚೇರಿಯಲ್ಲಿದೆ. 1824ರಲ್ಲಿ ಕಿತ್ತೂರಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತುಮಗನನ್ನು ಒಪ್ಪುವುದಿಲ್ಲ ಎಂದವನು ಧಾರವಾಡದ ಕಲೆಕ್ಟರ್ ಥ್ಯಾಕರೆ. ಅದೇ ವರ್ಷದ ಅಕ್ಟೋಬರ್ 23ರ ಕಾಳಗದಲ್ಲಿ ಅವನು ಸತ್ತ, ಆದರೆ ಕಿತ್ತೂರು ಉಳಿಯಲಿಲ್ಲ. ನರಗುಂದದ ದೊರೆ ಬಾಬಾಸಾಹೇಬನಿಗೂ ದತ್ತು ನಿರಾಕರಿಸಿದರು, ಅವನ ಬಂಡಾಯ ನಡೆದದ್ದು 1858ರಲ್ಲಿ. ನಡುವೆ 1852ರ ಇನಾಮು ಆಯೋಗ ಮನೆಮನೆಯ ಸನದುಗಳನ್ನು, ಅಂದರೆ ಭೂಮಿಯ ಹಕ್ಕುಪತ್ರಗಳನ್ನು, ಕೆದಕಿತ್ತು. ವಂಶ ನಿಂತರೆ ಭೂಮಿ ಸರ್ಕಾರಕ್ಕೆ ಹೋಗುವ ಕಾಲದಲ್ಲಿ ಬಂಜೆತನ ಮನೆಯೊಳಗಿನ ದುಃಖವಾಗಿ ಉಳಿಯುವುದು ಹೇಗೆ? ಆ ಸೀಮೆಯ ಜನ ಶಾಪ ಎಂದು ಹಾಡಿದ್ದರಲ್ಲಿ ಕಾಯಿದೆಯ ಏಟೂ ಸೇರಿತ್ತೆಂದು ನಾನು ನಂಬುತ್ತೇನೆ.

ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ಯನ್ನು ಈ ಬೆಳಕಿನಲ್ಲಿ ಓದಬೇಕು. ಅದು ಬಂದದ್ದು 1982ರಲ್ಲೇ. ಸರಗಂ ದೇಸಾಯಿಯ ಅರಮನೆಗೆ ವಾರಸುದಾರನಿಲ್ಲ. ಗೋಡೆಗಳು ಒಳಗಿನಿಂದಲೇ ಕುಸಿಯುತ್ತವೆ. ಈ ಕಥೆ ಹೇಳುವವಳು ದೇಸಾಯಿಯಲ್ಲ, ಆಳಾಗಿದ್ದ ಶೀನಿಂಗವ್ವ. ಕಾದಂಬರಿಯ ಜೀವ ಇರುವುದು ಅವಳ ನಾಲಿಗೆಯಲ್ಲಿ. ಸನದು ಇಲ್ಲದವಳ ಬಳಿ ಇರುವ ಒಂದೇ ದಾಖಲೆ ನೆನಪು. ಅದು ಇಸವಿಗಳನ್ನು ಇಡುವುದಿಲ್ಲ, ಕನಸುಗಳನ್ನು ಮಾತ್ರ ಚಾಚೂ ತಪ್ಪದೆ ಇಡುತ್ತದೆ.

‘ಕರಿಮಾಯಿ’ಯ ಬಗ್ಗೆ ನನಗೆ ಇಷ್ಟು ಮೆಚ್ಚುಗೆ ಇಲ್ಲ. ಅದರ ಭಾಷೆಗೆ ಕೈಮುಗಿಯುತ್ತೇನೆ. ಆದರೆ ಕಥೆ ನಡೆಯುವ ಶಿವಾಪುರದ ಕೇಡೆಲ್ಲ ಇಂಗ್ಲಿಷ್ ಕಲಿತ ಗುಡಸೀಕರನ ಬೆನ್ನು ಹತ್ತಿ ಹೊರಗಿನಿಂದಲೇ ಬಂದಂತೆ ಕಾಣುತ್ತದೆ. ದೇವಿಯ ಮಡಿಲಲ್ಲಿ ಊರು ಒಂದೇ ಬಳಗವಾಗಿಬಿಡುತ್ತದೆ, ಹೊಲಗೇರಿ ಎಲ್ಲಿತ್ತು, ಅಲ್ಲಿಯವರು ಯಾವ ಬಾವಿಯಿಂದ ನೀರು ಸೇದಿದರು ಎಂದು ಗಟ್ಟಿಯಾಗಿ ಕೇಳುವವರಿಲ್ಲ. ಪರಕೀಯನ ಅನ್ಯಾಯವನ್ನು ಎತ್ತಿ ತೋರಿಸಿದ ಮಾಯೆಯೇ ಮನೆಯ ಅನ್ಯಾಯದ ಮೇಲೆ ಮುಸುಕು ಎಳೆಯಿತು. ಈ ಪರಂಪರೆಯ ದೊಡ್ಡ ಕೊರತೆ ಇದೇ.

ಆ ಮುಸುಕನ್ನು ಕಿತ್ತವರೂ ಇದೇ ಪರಂಪರೆಯೊಳಗಿನಿಂದ ಬಂದರು. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ (1984) ದೀಪ ಆರಿದ ಮೇಲೆ ದೀಪದ ಜೀವಗಳಾದ ಜೋತಮ್ಮಗಳು ಸೇರಿ ಮನೆಮನೆಯ ಸುದ್ದಿ ಆಡಿಕೊಳ್ಳುತ್ತವೆ, ಮಂಚ ಮಾತಾಡುತ್ತದೆ. ಮೇಲುಜಾತಿಯ ಮನೆಯ ಮಗು ಹೊಲೆಯರ ಚೆನ್ನನದು ಎಂಬ ಸತ್ಯ ಮನುಷ್ಯರ ಬಾಯಿಂದ ಹೊರಡುವುದು ಕಷ್ಟ, ಅದಕ್ಕೇ ಜ್ಯೋತಿ ಬಾಯಿ ಬಿಡಬೇಕಾಯಿತು. ಬ್ರಿಟಿಷರು ಹೋದ ಮೇಲೂ ಉಳಿದ ಒಂದು ಆಳ್ವಿಕೆಯ ಕಥೆ ಇದು. ರಾಘವೇಂದ್ರ ಪಾಟೀಲರ ‘ತೇರು’ (2003) ಇನ್ನೂ ಹಿಂದಕ್ಕೆ ಹೋಗುತ್ತದೆ. ಧರಮನಟ್ಟಿಯ ವಿಠ್ಠಲನ ತೇರು ಕದಲಲಿಲ್ಲ, ಬಡವನ ಕೂಸನ್ನು ಬಲಿ ಕೊಟ್ಟರು. ಆ ಕೂಸಿನ ಮನೆತನದವರು ವರುಷವರುಷವೂ ತಮ್ಮದೇ ನೆತ್ತರಿನ ತಿಲಕವನ್ನು ತೇರಿಗೆ ಇಡಬೇಕು. ಬಲಿಗೆ ಪ್ರತಿಯಾಗಿ ಭೂಮಿ ಸಿಕ್ಕಿತು. ಸರಗಂ ದೇಸಾಯಿಗೆ ವಂಶ ಬೇಕಿದ್ದದ್ದು ಭೂಮಿಗಾಗಿ, ಇಲ್ಲಿ ಭೂಮಿ ಬಂದದ್ದು ವಂಶದ ಕುಡಿಯನ್ನೇ ಕೊಟ್ಟದ್ದಕ್ಕೆ. ಕನ್ನಡದ ಇನ್ನಾವ ಮನೆತನದ ಕಥೆಯೂ ನನ್ನನ್ನು ಇಷ್ಟು ಕದಡಿಲ್ಲ.

ಕರಾವಳಿಯ ಮಾತು ಬೇರೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಮೂರು ತಲೆಮಾರಿನ ಕಥೆ. ಅಲ್ಲಿ ಕಡಲೇ ಸಾಕು, ದೆವ್ವ ಬೇಡ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ಮೊಮ್ಮಗ ರಾಮ ಓದಿಗಾಗಿ ಮದರಾಸಿಗೂ ಬರುತ್ತಾನೆ. ಕೊನೆಗೆ ಊರಿಗೇ ಹೊರಳುತ್ತಾನೆ.

ನನ್ನ ಅತೃಪ್ತಿ ಶುರುವಾಗುವುದು ಅಲ್ಲೇ. ನಮ್ಮ ಕಾದಂಬರಿಗಳ ದೈವಗಳು ಊರ ಗಡಿ ದಾಟುವುದಿಲ್ಲ. ಮನೆಯ ಮಗ ರೈಲು ಹತ್ತಿದ ಕೂಡಲೇ ಅಜ್ಜಿಯ ಆತ್ಮ ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತದೆ, ಪಟ್ಟಣದ ಅಧ್ಯಾಯಗಳೆಲ್ಲ ವಾಸ್ತವದ ಬಿಸಿಲಲ್ಲಿ ಒಣಗುತ್ತವೆ. ಹ್ವಾಂಗ್ ಅವರ ಹಿರಿಯರಾದರೋ ಕಾರ್ಖಾನೆಗೂ ಬಂದರು. ಭೂಮಿ ಇಲ್ಲದ ಕೂಲಿಯ ಮನೆಗೂ ವಂಶಾವಳಿ ಇದೆ ಎಂದು ಅವರು ತೋರಿಸಿದ್ದು ನನಗೆ ದೊಡ್ಡ ಪಾಠ.

ಎಣ್ಣೂರಿನಲ್ಲಿ ಇದು ಬರೀ ಸಾಹಿತ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮದರಾಸಿನಿಂದ ಇಲ್ಲಿಯವರೆಗಿನ ಕಾಲುವೆಯನ್ನು ಕಂಪನಿಯ ಕಾಲದಲ್ಲೇ ತೋಡಿದ್ದರು. 1877-78ರಲ್ಲಿ ಬರಪರಿಹಾರದ ಕೂಲಿಗಳನ್ನು ಹಚ್ಚಿ ಅದೇ ಬಕಿಂಗ್‌ಹ್ಯಾಮ್ ಕಾಲುವೆಯನ್ನು ಪಟ್ಟಣದ ನಡುವೆ ಕೂವಂ ನದಿಯಿಂದ ಅಡ್ಯಾರ್ ನದಿಗೆ ಮುಂದುವರಿಸಿದರು. ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಆಗ ಪರಿಹಾರದ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದ್ದ. ತಮಿಳರೂ ನಾವೂ ಧಾತು ಸಂವತ್ಸರದ ಹೆಸರಿನಿಂದಲೇ ಕರೆಯುವ ಬರ ಅದು, ಮೈಸೂರು ಸೀಮೆಯಲ್ಲೇ ಸುಮಾರು ಹತ್ತು ಲಕ್ಷ ಜನ ಅದಕ್ಕೆ ತುತ್ತಾದರು. ಕಾಲುವೆಯ ಮಣ್ಣು ಹೊತ್ತವರಿಗೆ ಅರಮನೆ ಇರಲಿಲ್ಲ, ದತ್ತು ಬೇಡುವ ಸನದೂ ಇರಲಿಲ್ಲ. ಬುಟ್ಟಿ ಹೊತ್ತ ಯಾವಳೋ ತಾಯಿ ಆ ಒಂದು ಪೌಂಡ್ ಧಾನ್ಯವನ್ನು ಎಷ್ಟು ಮಕ್ಕಳಿಗೆ ಹಂಚಿದಳು? ಅವಳ ವಂಶದವನೊಬ್ಬ ಈ ಹೊತ್ತು ಬೂದಿ ತುಂಬಿದ ಅಳಿವೆಯ ದಡದಲ್ಲಿ ಪಾಳಿ ಮುಗಿಸಿ ಲೋಕಲ್ ರೈಲಿಗೆ ಕಾಯುತ್ತಿರಬಹುದು. ಅವಳು ಬಂದು ಅವನ ಪಕ್ಕದ ಸೀಟಿನಲ್ಲಿ ಕೂರುವ ಕಾದಂಬರಿಯನ್ನು ನಾನು ಕನ್ನಡದಲ್ಲಿ ಇನ್ನೂ ಓದಿಲ್ಲ.