ಸುಶ್ರುತಸಂಹಿತೆಯ ಲಿಂಗನಾಶಚಿಕಿತ್ಸೆ: ಒಂದು ವಿಮರ್ಶೆ

ಸುಶ್ರುತಸಂಹಿತೆಯ ಮೊದಲ 120 ಅಧ್ಯಾಯಗಳ ಅನಂತರ ಬರುವ ಉತ್ತರತಂತ್ರವು 66 ಅಧ್ಯಾಯಗಳುಳ್ಳದ್ದು. ಅದರ ಆದಿಭಾಗವು ನೇತ್ರರೋಗಗಳಿಗೆ ಮೀಸಲಾಗಿದೆ. ಇಂದು ಕಣ್ಣಿನ ಪೊರೆಯೆಂದು ವ್ಯವಹರಿಸುವ ರೋಗಕ್ಕೆ ಸಮೀಪವಾದ ಕಫಜಲಿಂಗನಾಶದ ಶಸ್ತ್ರಚಿಕಿತ್ಸೆಯು 17ನೆಯ ಅಧ್ಯಾಯದಲ್ಲಿ ನಿರೂಪಿತವಾಗಿದೆ. ಪೊರೆಯನ್ನು ಕಣ್ಣಿನಿಂದ ಹೊರತೆಗೆಯುವ ವಿದ್ಯೆಯು ಇಲ್ಲಿಯೇ ಮೊದಲು ಕಾಣುವುದೆಂದು ಹೊಗಳುವವರುಂಟು. ಗ್ರಂಥವು ಈ ಮಾತನ್ನು ಸಮರ್ಥಿಸುವುದೇ ಎಂಬುದು ವಿಚಾರಣೀಯವಾಗಿದೆ.

ಗ್ರಂಥೋಕ್ತವಾದ ಕ್ರಮವು ಹೀಗಿದೆ: ರೋಗಿಯು ತನ್ನ ಮೂಗನ್ನೇ ನೋಡುತ್ತಿರಬೇಕು. ವೈದ್ಯನು ಕಪ್ಪು ಭಾಗದಿಂದಾಚೆಗೆ ಬಿಳಿಯ ಭಾಗದಲ್ಲಿ ಎರಡು ಪಾಲನ್ನು ಬಿಟ್ಟು, ಕಡೆಗಣ್ಣಿನ ದಿಕ್ಕಿನಲ್ಲಿ, ಸಿರೆಗಳಿಲ್ಲದ ಎಡೆಯಲ್ಲಿ ಶಲಾಕೆಯಿಂದ ಚುಚ್ಚಬೇಕು. ಎಡಗಣ್ಣನ್ನು ಬಲಗೈಯಿಂದ, ಬಲಗಣ್ಣನ್ನು ಎಡಗೈಯಿಂದ. ಸರಿಯಾಗಿ ಚುಚ್ಚಿದಾಗ ಸದ್ದೂ ನೀರಹನಿಯೂ ತೋರುವುವು. ತರುವಾಯ ಶಲಾಕೆಯ ತುದಿಯಿಂದ ದೃಷ್ಟಿಮಂಡಲವನ್ನು ಕೆರೆದು, ಮತ್ತೊಂದು ಪಾರ್ಶ್ವದ ಮೂಗಿನ ಹೊಳ್ಳೆಯನ್ನು ಮುಚ್ಚಿಸಿ, ಶ್ವಾಸಬಲದಿಂದ ಅಲ್ಲಿಯ ಕಫವನ್ನು ಕಳೆಯಬೇಕು.

ಹೊರತೆಗೆಯುವುದೆಂಬ ಪಕ್ಷಕ್ಕೆ ಈ ಕೊನೆಯ ಮಾತೇ ಆಧಾರ. ಆದರೆ ಶಲಾಕೆಯ ಸಣ್ಣ ರಂಧ್ರದಲ್ಲಿ ಗಟ್ಟಿಯಾದ ಪೊರೆಯು ಹೊರಬರಲಾರದು. ಹೊರಬಂದುದರ ವರ್ಣನೆಯೂ ಇಲ್ಲ. ದ್ರವರೂಪದ ಅಂಶವು ಹೊರಬಿದ್ದಿತೆನ್ನುವವರು ನೀರಹನಿಯನ್ನು ತೋರಿಸಬಹುದು. ಆದರೆ ಅದು ಕೆರೆಯುವುದಕ್ಕೆ ಮುಂಚೆಯೇ, ಚುಚ್ಚಿದೊಡನೆ ಬರುತ್ತದೆ. ಆದುದರಿಂದ ಮಸೂರವು ಸ್ಥಾನದಿಂದ ಕದಲಿ ಒಳಗಣ ಕಾಚರಸದಲ್ಲಿ ಬಿದ್ದು, ಬೆಳಕಿಗೆ ದಾರಿ ತೆರೆಯಿತೆಂಬ ವಿವರಣೆಯೇ ಹೆಚ್ಚು ಯುಕ್ತವಾಗಿದೆ. ಇಂದು ವೈದ್ಯರು ವ್ಯಾಧಿಯೆಂದು ಎಣಿಸುವ ಮಸೂರದ ಸ್ಥಾನಭ್ರಂಶವೇ ಅಂದು ಚಿಕಿತ್ಸೆಯಾಗಿದ್ದಿತು.

ಕನ್ನಡದ ಓದುಗನಿಗೆ ಇಲ್ಲಿ ಮತ್ತೊಂದು ತೊಡಕುಂಟು. ಸಂಹಿತೆಯು ದೃಷ್ಟಿಯನ್ನು ಮಸೂರದ ಬೇಳೆಗೆ, ಎಂದರೆ ಚನ್ನಂಗಿಬೇಳೆಗೆ, ಹೋಲಿಸುತ್ತದೆ. ಆಧುನಿಕ ಕನ್ನಡ ಪರಿಭಾಷೆಯಲ್ಲಿ ಮಸೂರವೆಂದರೆ ಬೆಳಕನ್ನು ಬಾಗಿಸುವ ಅವಯವ. ಹೆಸರು ಒಂದಾದ ಮಾತ್ರಕ್ಕೆ ಪ್ರಾಚೀನರು ಆ ಅವಯವವನ್ನೇ ಹೇಳಿದರೆನ್ನಲಾಗದು. ಅಲ್ಲಿಯ ಹೋಲಿಕೆಯು ಅಳತೆಗೆ ಸಂಬಂಧಿಸಿದ್ದು. ಕಪ್ಪಿನ ನಡುವಣ ದೃಷ್ಟಿಯು ಕಣ್ಣಿನ ಪಾಪೆಗೆ ಹೆಚ್ಚು ಹೊಂದುತ್ತದೆ.

ಈ ವಿವೇಚನೆಯು ಕೇವಲ ಶಬ್ದಚರ್ಚೆಯಲ್ಲ. ಒಳಗೆ ಬಿದ್ದ ಮಸೂರವು ಉರಿಯೂತವನ್ನೂ ಕಣ್ಣಿನ ಒತ್ತಡವನ್ನೂ ಹೆಚ್ಚಿಸಿ, ಮರಳಿದ ದೃಷ್ಟಿಯನ್ನು ಮತ್ತೆ ಅಪಹರಿಸಬಹುದು. ಫ್ರಾನ್ಸಿನ ಝಾಕ್ ದಾವಿಯೆಲನು 1747ರಲ್ಲಿ ಪೊರೆಯನ್ನು ಹೊರತೆಗೆಯುವ ಮಾರ್ಗವನ್ನು ಹಿಡಿದನು. ಕಾಚರಸದಲ್ಲಿ ಬಿದ್ದ ಮಸೂರವನ್ನು ತೆಗೆಯಲು ಸುರಕ್ಷಿತವಾದ ಉಪಾಯವು 1970ರ ದಶಕದಲ್ಲಿ ರಾಬರ್ಟ್ ಮಾಖೆಮರನ ಶಸ್ತ್ರಕ್ರಮದಿಂದ ಬೆಳೆಯಿತು. ಆ ಶಸ್ತ್ರಕ್ರಮವೂ ಬಿಳಿಯ ಭಾಗದಲ್ಲಿ, ಕಪ್ಪಿನ ಅಂಚಿನಿಂದ ಸುಮಾರು 4 ಮಿಲಿಮೀಟರು ಆಚೆಯಿಂದಲೇ ಒಳಹೊಗುತ್ತದೆ. ಆಫ್ರಿಕದ ಕೆಲವೆಡೆ 21ನೆಯ ಶತಮಾನದಲ್ಲಿಯೂ ಉಳಿದುಬಂದ ಹಳೆಯ ಚುಚ್ಚುವಿಕೆಯು ಅನೇಕರ ಕಣ್ಣುಗಳನ್ನು ಕೆಡಿಸಿದೆ. ಅದನ್ನು ಹೊರತೆಗೆಯುವಿಕೆಗೆ ಸಮವೆಂದು ಹೊಗಳುವುದು ನಿರಪಾಯವಲ್ಲ.

ಅಧ್ಯಾಯದ ನಿಜವಾದ ಗುಣವು ಬೇರೆಯೆಡೆಯಲ್ಲಿದೆ. ಎಂಟು ಅಂಗುಲದ ಶಲಾಕೆಯ ಲಕ್ಷಣ, ತಪ್ಪಿದ ವೇಧದಿಂದಾಗುವ ಅನರ್ಥಗಳು, ಬಲಿಯದ ದೋಷವನ್ನು ಚುಚ್ಚಬಾರದೆಂಬ ಎಚ್ಚರಿಕೆ, ಅನಂತರ ಕೆಮ್ಮು ಸೀನುಗಳನ್ನು ತಡೆಯುವ ನಿಯಮ, ಇವೆಲ್ಲವೂ ಅಲ್ಲಿ ಸ್ಪಷ್ಟವಾಗಿ ಹೇಳಲ್ಪಟ್ಟಿವೆ. ಕಂಡುದನ್ನು ಕ್ರಮವಾಗಿ ಹೇಳಿ, ಕೆಡುವ ಬಗೆಯನ್ನು ಮುಚ್ಚಿಡದ ಈ ಶಾಸ್ತ್ರಶೈಲಿಗೆ ಇಲ್ಲದ ಹಿರಿಮೆಯನ್ನು ಆರೋಪಿಸಬೇಕಾಗಿಲ್ಲ. ಇದ್ದ ಹಿರಿಮೆಯೇ ಸಾಕಾದಷ್ಟಿದೆ.